ಉಪ್ಪಿನ ಬಯಲಲ್ಲಿ ಓಡಿತ್ತೆನ್ನಲಾದ 1932ರ ಫೋರ್ಡ್ ಹಾಟ್ ರಾಡ್: ಬಣ್ಣ ಕೆರೆಸಬೇಕೇ, ಇದ್ದಂತೆಯೇ ಉಳಿಸಬೇಕೇ?

ಕ್ಯಾತ್ಸಂದ್ರ, ತುಮಕೂರು (ಪ್ರಶ್ನೆ)

ಮಾನ್ಯರೆ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಅಣ್ಣ 1932ರ ಫೋರ್ಡ್ ರೋಡ್‌ಸ್ಟರ್ (ತೆರೆದ ಮೇಲ್ಭಾಗದ ಕಾರು) ಒಂದನ್ನು ಕೊಂಡಿದ್ದಾರೆ. ಮಡ್‌ಗಾರ್ಡ್‌ಗಳನ್ನೂ ಮುಂದಿನ ಗಾಜನ್ನೂ ಕಳಚಿರುವ, ವಿ8 (ಎಂಟು ಸಿಲಿಂಡರಿನ) ಎಂಜಿನ್ನಿನ ಹಾಟ್ ರಾಡ್, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು ಅದು. ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನ ವೇಗದ ಓಟಗಳಲ್ಲಿ ಅದು ಓಡಿತ್ತೆಂದು ಮಾರಿದವರು ಹೇಳಿದ್ದಾರೆ. ಡ್ಯಾಶ್‌ಬೋರ್ಡಿನ ಮೇಲಿರುವ ಹಿತ್ತಾಳೆಯ ಪುಟ್ಟ ಫಲಕದಲ್ಲಿ ಮಾತ್ರ ಎಲ್ ಮಿರಾಜ್ ಎಂಬ ಹೆಸರೂ ವೇಗವೂ ಕೊರೆದಿವೆ. ಬಾಗಿಲಿನ ಕೆಂಪು ಬಣ್ಣದಡಿ ಬಿಳಿಯ ಅಂಕಿಯೊಂದು ಮಸುಕಾಗಿ ಕಾಣುತ್ತದೆ. ನಾನು ಇಲ್ಲಿ ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸ ಮಾಡುವವನಾದ್ದರಿಂದ, ಬಣ್ಣವನ್ನು ಪೂರ್ತಿ ಕೆರೆಸಿ ಹೊಸದಾಗಿ ಹೊಡೆಸಬೇಕೇ ಎಂದು ಅಣ್ಣ ನನ್ನನ್ನೇ ಕೇಳುತ್ತಿದ್ದಾರೆ. ಮುಂದೆ ಕಾರನ್ನು ಊರಿಗೆ ತಂದು ಓಡಿಸುವ ಆಸೆಯೂ ಅವರಿಗಿದೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಚಿಕ್ಕಬಳ್ಳಾಪುರದಿಂದ

ಬಣ್ಣಕ್ಕೆ ಸದ್ಯ ಯಾರೂ ಕೈ ಹಚ್ಚದಂತೆ ನೋಡಿಕೊಳ್ಳಿ. 1932ರ ಫೋರ್ಡಿಗೆ ಹೊಸ ಬಾಡಿ, ಹೊಸ ಚಾಸಿ ಎಲ್ಲವೂ ಇಂದು ತಯಾರಾಗಿ ಸಿಗುತ್ತವೆ. ಸಿಗದಿರುವುದು ಆ ಕಾಲದ ಓಟದ ಗುರುತುಗಳು ಮಾತ್ರ, ಮತ್ತು ಅವು ಇರುವುದು ನಿಮ್ಮ ಅಣ್ಣ ಕೆರೆಸಲು ಹೊರಟಿರುವ ಪದರಗಳಲ್ಲಿಯೇ.

ಎಲ್ ಮಿರಾಜ್ ಮತ್ತು ಬಾನ್‌ವಿಲ್ ಬೇರೆ ಬೇರೆ ಸ್ಥಳಗಳು. ಎಲ್ ಮಿರಾಜ್ ಇರುವುದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ. ಬೇಸಿಗೆಯಲ್ಲಿ ನೀರು ಬತ್ತಿದ ಕೋಲಾರದ ಕೆರೆಯಂಗಳದಂತೆ ಅದು ಸಮತಟ್ಟಾದ ಜೇಡಿಮಣ್ಣಿನ ನೆಲ. 1937ರಲ್ಲಿ ಹುಟ್ಟಿದ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್, ಮೊದಲು ಓಟಗಳು ನಡೆಯುತ್ತಿದ್ದ ಮ್ಯೂರಾಕ್ ಬಯಲು ಸೈನ್ಯದ ವಶವಾದ ಮೇಲೆ, ಎರಡನೆಯ ಮಹಾಯುದ್ಧದ ನಂತರ ಇಲ್ಲಿ ಕಾರುಗಳ ವೇಗ ಅಳೆಯತೊಡಗಿತು. ಬಾನ್‌ವಿಲ್‌ನಲ್ಲಿ ಆ ಸಂಘದ ಸ್ಪೀಡ್ ವೀಕ್ ಎಂಬ ವೇಗದ ಓಟಗಳ ಕೂಟ ಆರಂಭವಾದದ್ದು 1949ರಲ್ಲಿ. ಆದ್ದರಿಂದ ಮಾರಿದವರ ಮಾತಿಗೆ ಆ ಫಲಕ ಸಾಕ್ಷಿಯಾಗುವುದಿಲ್ಲ. ಆದರೆ ಎಲ್ ಮಿರಾಜ್‌ನಲ್ಲಿ ಓಡಿದ್ದು ಸಣ್ಣ ಗೌರವವೇನಲ್ಲ. ಹಾಟ್ ರಾಡ್ ಪರಂಪರೆ ಬೆಳೆದದ್ದೇ ಇಂತಹ ಒಣ ಕೆರೆಗಳಲ್ಲಿ.

ಅಂತಹ ಫಲಕಗಳ ನಕಲುಗಳೂ ಮಾರಾಟಕ್ಕಿವೆ. ಹಾಗಾಗಿ ಅದರ ಸ್ಕ್ರೂ ಬಿಚ್ಚಿ, ಅಡಿಯ ಬಣ್ಣ ಸುತ್ತಲಿನದಕ್ಕಿಂತ ಕಡಿಮೆ ಮಾಸಿದೆಯೇ ನೋಡಲಿ. ಬಳಿಕ ಚಾಸಿಯ ಒಳಮೈಯನ್ನು ಟಾರ್ಚ್ ಹಾಕಿ ನೋಡಲಿ. ಉಪ್ಪು ಕಂಡ ಕಾರಿನಲ್ಲಿ ಮೂಲೆಗಳಲ್ಲಿ ಕಬ್ಬಿಣವನ್ನು ಗುಳಿಗುಳಿಯಾಗಿ ತಿಂದ ತುಕ್ಕು ಇರಬಹುದು. ಜೇಡಿಮಣ್ಣಿನ ನೆಲದಲ್ಲಿ ಓಡಿದ್ದರೆ ಹಿಟ್ಟಿನಷ್ಟು ನುಣುಪಾದ ಧೂಳು ಸಂದಿಗಳಲ್ಲಿ ಕುಳಿತಿರುತ್ತದೆ. ಹಿಂಬದಿಯಲ್ಲಿ ಪುಷ್ ಬಾರ್ ಕೂರಿಸಿದ್ದ ಬೋಲ್ಟಿನ ತೂತುಗಳಿದ್ದರೆ ಅದು ಇನ್ನೂ ಬಲವಾದ ಸುಳಿವು. ಹೆಚ್ಚಿನ ವೇಗಕ್ಕೆ ಗೇರ್ ಹೊಂದಿಸಿದ್ದರಿಂದ ನಿಂತಲ್ಲಿಂದ ಹೊರಡಲು ಕಷ್ಟಪಡುವ ಓಟದ ಕಾರುಗಳನ್ನು ಮತ್ತೊಂದು ವಾಹನ ಹಿಂದಿನಿಂದ ತಳ್ಳಿ ಹೊರಡಿಸುವುದು ರೂಢಿ. ಎಡ ಚಾಸಿ ರೈಲಿನ ಮೇಲ್ಭಾಗದಲ್ಲಿ 18 ಎಂದು ಆರಂಭವಾಗುವ ಸಂಖ್ಯೆ ಮೂಲ ವಿ8 ಚಾಸಿಯದು. ಅದು ಕಾಗದಪತ್ರಗಳಿಗೆ ಹೊಂದುತ್ತದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ.

ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.

ಮೆಷಿನ್ ಶಾಪ್‌ನಲ್ಲಿ ದುಡಿದು ನಿವೃತ್ತನಾದ ನಾನು ಎಂಜಿನ್ ಬಗ್ಗೆ ಮಾತ್ರ ಹೇಳುತ್ತೇನೆ. ಸಿಲಿಂಡರ್ ಹೆಡ್ಡಿನ ಸ್ಟಡ್‌ಗಳನ್ನು (ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ಕಂಬಿಗಳನ್ನು) ಎಣಿಸಲು ಹೇಳಿ: ಒಂದು ಹೆಡ್ಡಿಗೆ 21 ಇದ್ದರೆ ಹಳೆಯ ಮಾದರಿ, 24 ಇದ್ದರೆ 1938ರದ್ದು ಅಥವಾ ಆಮೇಲಿನದ್ದು. ಎರಡನೆಯದಾದರೆ ಬೇಸರ ಬೇಡ. 1932ರ ಮೂಲ ಎಂಜಿನ್ 221 ಘನ ಇಂಚಿನದು, 65 ಅಶ್ವಶಕ್ತಿಯದು. ಓಟಗಾರರು ಅದನ್ನು ತೆಗೆದು ಫೋರ್ಡ್ ಕಂಪನಿಯದೇ ಮರ್ಕ್ಯುರಿ ಕಾರಿನ 239 ಘನ ಇಂಚಿನದನ್ನು ಕೂರಿಸುವುದು ಸಾಮಾನ್ಯವಾಗಿತ್ತು.

ಈ ಎಂಜಿನ್ನಿನ ವಾಲ್ವುಗಳು ಬ್ಲಾಕಿನಲ್ಲಿಯೇ ಇವೆ. ಸುಟ್ಟ ಅನಿಲ ನೀರಿನ ಜಾಕೆಟ್ಟಿನ ನಡುವೆ ಹಾದು ಪಕ್ಕದಿಂದ ಹೊರಬರುತ್ತದೆ. ಆ ಶಾಖವೆಲ್ಲ ನೀರಿಗೆ ಸೇರುವುದರಿಂದ ಅದು ಬೇಗ ಕಾಯುತ್ತದೆ, ವಾಲ್ವ್ ಸೀಟಿನಿಂದ ಸಿಲಿಂಡರಿನ ಕಡೆಗೆ ಬಿರುಕು ಬಿಡುತ್ತದೆ. ಕೆಲವೇ ನಿಮಿಷಗಳ ಓಟಕ್ಕೆ ಇದು ದೊಡ್ಡ ತೊಂದರೆಯಲ್ಲ, ಬಿ.ಎಚ್. ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಖಂಡಿತ ತೊಂದರೆಯೇ. ಆದುದರಿಂದ ಸ್ಟಾರ್ಟ್ ಮಾಡುವ ಮೊದಲೇ ಬ್ಲಾಕಿಗೆ ಪ್ರೆಷರ್ ಟೆಸ್ಟ್ ಮಾಡಿಸಲಿ. ಬಿರುಕು ಕಂಡರೆ ಅನುಭವವಿಲ್ಲದವರ ಕೈಯಲ್ಲಿ ವೆಲ್ಡಿಂಗ್ ಮಾಡಿಸುವುದು ಬೇಡ, ಬೀಡುಕಬ್ಬಿಣ ಪಕ್ಕದಲ್ಲಿಯೇ ಮತ್ತೆ ಸೀಳುತ್ತದೆ; ಪಿನ್ ಹೊಡೆದು ಹೊಲಿಯುವ ಕ್ರಮವೇ ಒಳ್ಳೆಯದು.

ಕೋಲಾರದಿಂದ

ಊರಿಗೆ ತರುವ ವಿಚಾರದಲ್ಲಿ ಎಚ್ಚರ ಬೇಕು. ನಮ್ಮ ದೇಶದಲ್ಲಿ 2021ರಲ್ಲಿ ಬಂದ ವಿಂಟೇಜ್ (ಹಳೆಯ ವಾಹನಗಳ) ನಿಯಮಗಳ ಪ್ರಕಾರ ವಾಹನ 50 ವರ್ಷ ಮೀರಿರಬೇಕಷ್ಟೇ ಅಲ್ಲ, ಮೂಲ ರೂಪದಲ್ಲಿಯೂ ಇರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ನೋಂದಣಿ ಸಿಕ್ಕರೂ ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಕೆಲಸಗಳಿಗಷ್ಟೇ ರಸ್ತೆಗೆ ಇಳಿಸಬಹುದು. ಬದಲಾವಣೆಯಿಂದಲೇ ಹಾಟ್ ರಾಡ್ ಆದ ಕಾರು ಈ ಷರತ್ತನ್ನು ದಾಟುವುದು ಕಷ್ಟ. ಅದನ್ನು ಮೂಲ ರೂಪಕ್ಕೆ ಮರಳಿಸಿ ತರುವುದೆಂದರೆ ಓಟದ ಇತಿಹಾಸವನ್ನೇ ಅಳಿಸಿದಂತೆ. ಕಾರು ಅಲ್ಲಿಯೇ ಇರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕ್ಯಾತ್ಸಂದ್ರ, ತುಮಕೂರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬಣ್ಣದ ಕೆಲಸ ನಿಲ್ಲಿಸಲು ಅಣ್ಣ ಒಪ್ಪಿದ್ದಾರೆ. ಬಾಗಿಲಿನ ಅಂಕಿಯನ್ನಾದರೂ ಹೊರತರಬಹುದೇ?

ಚಿಕ್ಕಬಳ್ಳಾಪುರದಿಂದ

ತರಬಹುದು. ಪೇಂಟ್ ರಿಮೂವರ್ ಮಾತ್ರ ಹಚ್ಚಬಾರದು, ಅದು ಕೆಂಪಿನೊಡನೆ ಬಿಳಿಯನ್ನೂ ಎಬ್ಬಿಸುತ್ತದೆ. ಅಂಕಿಯಿಂದ ದೂರದ ಒಂದು ಮೂಲೆಯಲ್ಲಿ, ನಾಣ್ಯದಗಲದ ಜಾಗದಲ್ಲಿ, ಅತಿ ನಯವಾದ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ, ಎಷ್ಟು ಪದರಗಳಿವೆ, ಯಾವ ಕ್ರಮದಲ್ಲಿವೆ ಎಂದು ಮೊದಲು ತಿಳಿದುಕೊಳ್ಳಲಿ. ಪ್ರತಿ ಹಂತದಲ್ಲಿಯೂ ಫೋಟೋ ತೆಗೆದಿಡಲಿ. ಅಂಕಿಯ ಪಕ್ಕದಲ್ಲಿ ಅಕ್ಷರಗಳಿದ್ದರೆ ಅವು ಓಟದ ವರ್ಗವನ್ನು ಸೂಚಿಸುತ್ತವೆ. ಅಂಕಿಯೂ ವರ್ಗವೂ ಸಿಕ್ಕರೆ ಆ ಕಾಲದ ಫಲಿತಾಂಶ ಪಟ್ಟಿಗಳಲ್ಲಿ ಕಾರನ್ನು ಹುಡುಕುವುದು ಸಾಧ್ಯವಾಗುತ್ತದೆ.