ಹಾಕಿ ಶಿಬಿರದ ಆಯ್ಕೆಗೆ ಕೃತಕ ಬುದ್ಧಿಮತ್ತೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ (ದೈಹಿಕ ಶಿಕ್ಷಣ ಶಿಕ್ಷಕರು, ಪೊನ್ನಂಪೇಟೆ ಕಡೆಯಿಂದ): ಬೇಸಿಗೆಯ ಹಾಕಿ ಶಿಬಿರಕ್ಕೆ ಸುತ್ತಲಿನ ಶಾಲೆಗಳ ಮಕ್ಕಳನ್ನು ಆರಿಸಬೇಕಾಗಿದೆ. ಆಟದ ವಿಡಿಯೋ ನೋಡಿ ಅಂಕ ಕೊಡುವ ತಂತ್ರಾಂಶವನ್ನು ಬಳಸುವಂತೆ ದಾನಿಗಳು ಸೂಚಿಸಿದ್ದಾರೆ. ಯಾವ ಮಗುವಿಗೂ ಅನ್ಯಾಯವಾಗದಂತೆ ಅದನ್ನು ಬಳಸುವುದು ಹೇಗೆ?

ಉತ್ತರ (ತರಬೇತುದಾರರು, ವಿರಾಜಪೇಟೆ): ಸರ್, ಇಂಥದೇ ತಂತ್ರಾಂಶವನ್ನು ನಾನು ಎರಡು ವರ್ಷ ಬಳಸಿದ್ದೇನೆ. ಮೊದಲ ವರ್ಷ ಪಟ್ಟಿಯ ಮೇಲ್ತುದಿಯಲ್ಲಿ ಬಂದವರೆಲ್ಲರೂ ಟರ್ಫ್ (ಕೃತಕ ಹುಲ್ಲುಹಾಸು) ಮೇಲೆ ಆಡಿದ, ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ಎಳವೆಯಿಂದ ನೋಡುತ್ತ ಬೆಳೆದ ಮಕ್ಕಳು. 1997ರಲ್ಲಿ ಕರಡದಲ್ಲಿ ಆರಂಭವಾದ ಆ ಉತ್ಸವ ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ತೋಟದ ಕಾರ್ಮಿಕರ ಲೈನ್ ಮನೆಗಳ ಮತ್ತು ಬುಡಕಟ್ಟು ಜನರ ಹಾಡಿಗಳ ಮಕ್ಕಳಿಗೆ ಸ್ಟಿಕ್ ಸಿಗುವುದೇ ತಡವಾಗಿ. ಹಾಡಿಯ ಹುಡುಗಿಯೊಬ್ಬಳು ಬರಿಗಾಲಲ್ಲಿ ಮಣ್ಣಿನ ಮೈದಾನದಲ್ಲಿ ಆಡಿದ್ದಳು, ಉಬ್ಬುತಗ್ಗಿನಲ್ಲಿ ಚೆಂಡು ಪುಟಿದು ದೂರ ಹೋದಾಗಲೆಲ್ಲ ತಂತ್ರಾಂಶ ಅದನ್ನು ಅವಳ ಹಿಡಿತದ ದೋಷವೆಂದೇ ಎಣಿಸಿತ್ತು. ಮೂವತ್ತು ಹೆಸರಿಗೆ ಪಟ್ಟಿ ನಿಲ್ಲಿಸಿದವನು ನಾನೇ; ಅವಳ ಹೆಸರು ಅದರ ಕೆಳಗಿತ್ತು. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಮರುವರ್ಷ ಕ್ರಮ ಬದಲಿಸಿದೆವು. ಮೊದಲು ಶಿಕ್ಷಕರು ಹೆಸರು ಸೂಚಿಸಿದರು, ಆಮೇಲೆ ನಮ್ಮ ಕಣ್ಣಿಗೆ ಬೀಳದವರು ಯಾರಾದರೂ ಉಳಿದಿದ್ದಾರೆಯೇ ಎಂದು ತಂತ್ರಾಂಶದಿಂದ ಹುಡುಕಿಸಿದೆವು. ಅದರ ಅಂಕ ನೋಡಿ ಯಾರನ್ನೂ ಕೈಬಿಡಲಿಲ್ಲ. ಚೆಂಡು ಬಳಿಯಿಲ್ಲದಾಗಲೂ ಸರಿಯಾದ ಜಾಗದಲ್ಲಿ ನಿಲ್ಲುತ್ತಿದ್ದ ಮೌನಿ ಹುಡುಗನೊಬ್ಬ ಹಾಗೆಯೇ ಸಿಕ್ಕಿದ. ಚೆಂಡಿನ ಹಿಂದೆಯೇ ಓಡುವ ನಮ್ಮ ಕಣ್ಣು ಅವನನ್ನು ಗಮನಿಸಿರಲಿಲ್ಲ.

ಉತ್ತರ (ನೇಮಕಾತಿ ವಿಭಾಗದ ಉದ್ಯೋಗಿ, ಮಡಿಕೇರಿ): ಅಮೆಜಾನ್ ಕಂಪನಿ ಉದ್ಯೋಗದ ಅರ್ಜಿಗಳನ್ನು ಜರಡಿ ಹಿಡಿಯಲು ರೂಪಿಸಿದ್ದ ವ್ಯವಸ್ಥೆಯನ್ನು ಕೈಬಿಟ್ಟ ಸಂಗತಿ 2018ರಲ್ಲಿ ವರದಿಯಾಯಿತು. ಹತ್ತು ವರ್ಷಗಳ ಅವಧಿಯಲ್ಲಿ ಬಂದ, ಹೆಚ್ಚಾಗಿ ಪುರುಷರದೇ ಆಗಿದ್ದ ಅರ್ಜಿಗಳಿಂದ ಕಲಿತಿದ್ದ ಅದು, ಮಹಿಳೆಯರ ಸಂಘ, ಮಹಿಳಾ ಕಾಲೇಜು ಮುಂತಾದ ಉಲ್ಲೇಖಗಳಿದ್ದ ಅರ್ಜಿಗಳನ್ನು ಕೆಳಗಿಳಿಸುತ್ತಿತ್ತು. ಆದ್ದರಿಂದ ಈ ತಂತ್ರಾಂಶ ಯಾವ ಮಕ್ಕಳ, ಎಂಥ ಮೈದಾನದ ವಿಡಿಯೋಗಳಿಂದ ಕಲಿತಿದೆ ಎಂಬುದನ್ನು ಮಾರುವವರಿಂದ ಬರಹದಲ್ಲಿ ಕೇಳಿ ಪಡೆಯಿರಿ. ಉತ್ತರ ಬಾರದಿದ್ದರೆ ಖರೀದಿಸಬೇಡಿ.

ಉತ್ತರ (ಆಶ್ರಮ ಶಾಲೆಯ ಶಿಕ್ಷಕಿ): 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ 18 ವರ್ಷ ತುಂಬದವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆ ಪಡೆದಂತಾಗುವುದಿಲ್ಲ. ಎರವ, ಜೇನುಕುರುಬ ಕುಟುಂಬಗಳಿಗೆ ಅವರ ಮನೆಮಾತು ಬಲ್ಲವರಿಂದಲೇ ವಿವರಿಸಿ, ಬೇಡವೆಂದ ಮನೆಯ ಮಗುವನ್ನೂ ಮೈದಾನದಲ್ಲಿ ನೋಡಿ ಆರಿಸಿ, ಶಿಬಿರ ಮುಗಿದ ಮೇಲೆ ವಿಡಿಯೋ ಅಳಿಸಿಬಿಡಿ.

ಪ್ರಶ್ನೆ ಕೇಳಿದವರು: ಮೇಡಂ, ಸರ್, ಎಲ್ಲರಿಗೂ ವಂದನೆಗಳು. ಎಲ್ಲ ಮಕ್ಕಳಿಗೂ ಶೂ, ಸ್ಟಿಕ್ ಕೊಟ್ಟು ಹದಿನೈದು ದಿನ ಒಂದೇ ಮೈದಾನದಲ್ಲಿ ಆಡಿಸಿ, ಆನಂತರವೇ ವಿಡಿಯೋ ತೆಗೆಯುತ್ತೇವೆ. ದಾನಿಗಳ ಹಣದ ಮೊದಲ ಭಾಗವನ್ನು ಶೂಗಳಿಗೇ ಕೇಳಲಿದ್ದೇನೆ.