ಸಹಾಯ ಬೇಕು: 'ಡಿಫ್ಲಗ್ರೇಷನ್'ಗೆ ಕನ್ನಡದಲ್ಲಿ ಏನಂತೀರಿ?

ನಮಸ್ಕಾರ. ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಗೆ ಸುರಕ್ಷತೆಯ ಬೋರ್ಡ್ ಬರೆದುಕೊಡಬೇಕು. 'ಡಿಫ್ಲಗ್ರೇಷನ್' ಅನ್ನೋ ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಒಲೆ ಬಾಯಿಗೆ ಭತ್ತದ ಹೊಟ್ಟು ಎಸೆದಾಗ, ಗಾಳಿಯಲ್ಲಿ ಹರಡಿದ ದೂಳು ಭಗ್ಗನೆ ಹೊತ್ತಿ ಉರಿ ಹೊರಗೆ ನುಗ್ಗುತ್ತದಲ್ಲ, ಆ ಥರದ್ದು ಇದು. ಉರಿ ಹರಡುವ ವೇಗ ಶಬ್ದದ ವೇಗಕ್ಕಿಂತ ಕಡಿಮೆ. ಅದನ್ನು ಮೀರಿದರೆ 'ಡಿಟೊನೇಷನ್'.

'ಸ್ಫೋಟ' ಅಂತ ಬರೆದು ನೋಡಿದೆ. ಬಾಂಬಾ ಸಾರ್ ಅಂತ ಹುಡುಗರು ನಕ್ಕರು. 'ದಹನ' ಅಂದರೆ ಸ್ಮಶಾನ ನೆನಪಾಗುತ್ತೆ! ಸದ್ಯಕ್ಕೆ 'ಭುಗಿಲುರಿ' ಅಂತ ನಾನೇ ಕಟ್ಟಿಕೊಂಡಿದ್ದೇನೆ.

ಮೂಲ ಲ್ಯಾಟಿನ್‌ನ 'ಡಿಫ್ಲಗ್ರಾರೆ'. 'ಫ್ಲಗ್ರಾರೆ' ಅಂದರೆ ಧಗಧಗ ಉರಿ. ಅದರ ಮೊದಲಿಗೆ 'ಡಿ' ಸೇರಿದರೆ ಪೂರ್ತಿ ಉರಿದುಹೋಗು ಅಂತ ಅರ್ಥ. ಗೊಂದಲ ಇರೋದು ಇಲ್ಲೇ. ಸುಟ್ಟು ಮುಗಿಯೋದನ್ನು ಹೇಳುವ ಪದ, ದಿಢೀರ್ ಹೊತ್ತಿಕೊಳ್ಳೋದಕ್ಕೆ ಹೇಗೆ ಬಂತು?

ಬಲ್ಲವರು ಎರಡು ವಿಷಯ ಹೇಳಿ: ಈ ಅರ್ಥ ಬದಲಾಗಿದ್ದು ಹೇಗೆ? ಮತ್ತೆ, ಬೋರ್ಡ್ ಮೇಲೆ 'ಭುಗಿಲುರಿ' ನಡೆಯುತ್ತಾ, ಇಲ್ಲಾ ಭಟ್ಟಿ ಕಡೆಯವರು ಆಗಲೇ ಬಳಸುವ ಪದ ಬೇರೆ ಇದೆಯಾ?