ಪದಚರ್ಚೆ: ಉರಿಯಿಲ್ಲದೆ ಬಟ್ಟೆ ಸುಡುತ್ತಾ ಹೋದರೆ ಏನನ್ನಬೇಕು?

ಗೆಳೆಯರೇ,

ಸಿಗರೇಟಿನಿಂದ ಸೋಫಾ, ಹಾಸಿಗೆಗಳಿಗೆ ಬೆಂಕಿ ತಗಲುವ ಅಪಾಯವನ್ನು ಅಳೆಯುವ ಪರೀಕ್ಷೆಗಳ ಬಗ್ಗೆ ಬರೆಯುತ್ತಿದ್ದೇನೆ. 'ಇಗ್ನಿಷನ್' ಅನ್ನೋ ಕಡೆ ಕೈ ನಿಂತುಬಿಟ್ಟಿದೆ. 'ಹೊತ್ತಿಕೊಂಡಿತು' ಎಂದರೆ ನಮ್ಮ ಕಣ್ಣಿಗೆ ಬರುವುದು ಉರಿ, ಅಲ್ವಾ? ಇಲ್ಲಿ ಉರಿಯೇ ಬೇಕಿಲ್ಲ. ಸಿಗರೇಟಿನ ಕಾವಿಗೆ ಬಟ್ಟೆ ಒಳಗೊಳಗೇ ಸುಟ್ಟು ಕರಕಾಗುತ್ತಾ ಹೋಗುತ್ತದೆ. ಉರಿ ಏಳುವುದು ಎಷ್ಟೋ ಹೊತ್ತಿನ ಮೇಲೆ, ಮನೆಯವರು ನಿದ್ದೆ ಹೋಗಿರುವಾಗ.

ಹಿನ್ನೆಲೆ ಹೇಳುತ್ತೇನೆ. ಅಮೆರಿಕ ಸರ್ಕಾರದ ಅಳತೆ-ಮಾನದಂಡಗಳ ಸಂಸ್ಥೆ ನಿಸ್ಟ್ (NIST) 1993ರಲ್ಲಿ ಎರಡು ಪರೀಕ್ಷೆಗಳನ್ನು ಮುಂದಿಟ್ಟಿತು. ಒಂದರಲ್ಲಿ ಫೋಮಿನ ಮೇಲೆ ಕಾಟನ್ ಡಕ್ ಎಂಬ ದಪ್ಪ ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಹಚ್ಚಿದ ಸಿಗರೇಟು ಇಡುತ್ತಾರೆ. ಕರಕಲು ಸಿಗರೇಟಿನಿಂದ 10 ಮಿಲಿಮೀಟರ್ ಆಚೆಗೆ ಹರಡಿದರೆ ಅದೇ 'ಇಗ್ನಿಷನ್'.

ತೊಡಕು ಇರುವುದು ಬಟ್ಟೆಯಲ್ಲಿ. ಹತ್ತಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಉಪ್ಪುಗಳು ಸಹಜವಾಗಿಯೇ ಇರುತ್ತವೆ. ಅವು ಜಾಸ್ತಿ ಇದ್ದಷ್ಟೂ ಬಟ್ಟೆ ಹೀಗೆ ಸುಡುವುದು ಸುಲಭ. ಚೆನ್ನಾಗಿ ತೊಳೆದರೆ ಉಪ್ಪು ಇಳಿಯುತ್ತದೆ, ಸುಡುವ ಗುಣವೂ ಇಳಿಯುತ್ತದೆ. ನೇಯ್ಗೆ ಎಷ್ಟು ಬಿಗಿ, ಗಾಳಿ ಎಷ್ಟು ಆಡುತ್ತದೆ, ತೂಕ ಎಷ್ಟು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. (ಡಕ್ ಬಟ್ಟೆಯ ನಂಬರು ಹೆಚ್ಚಾದಷ್ಟೂ ತೂಕ ಕಡಿಮೆ. ನಂಬರ್ 4 ದಪ್ಪ, ನಂಬರ್ 10 ತೆಳು. ಅನುವಾದ ಮಾಡುವವರು ಗಮನಿಸಿ.) ಹೀಗಾಗಿ ಒಂದೇ ಸಿಗರೇಟು ಒಂದು ಥಾನಿನ ಬಟ್ಟೆಯನ್ನು ಸುಟ್ಟು, ಇನ್ನೊಂದು ಥಾನಿನ ಮೇಲೆ ಸುಮ್ನೆ ಆರಿಹೋಗಬಹುದು. ಆಗ ನಾವು ಅಳೆದದ್ದು ಸಿಗರೇಟನ್ನೋ ಬಟ್ಟೆಯನ್ನೋ?

ಎರಡನೆಯ ಪರೀಕ್ಷೆಯಲ್ಲಿ ಬಟ್ಟೆಯ ಬದಲು ಫಿಲ್ಟರ್ ಪೇಪರ್ (ಸೋಸುವ ಕಾಗದ) ಬಂತು. ಕಾಗದದ ಗುಣವನ್ನು ಒಂದೇ ಸಮ ಇಡುವುದು ಸುಲಭ. 2004ರಲ್ಲಿ ಜಾರಿಯಾದ ನ್ಯೂಯಾರ್ಕ್ ನಿಯಮ ಇದನ್ನೇ ಹಿಡಿಯಿತು: 10 ಪದರ ಕಾಗದದ ಮೇಲೆ 40 ಸಿಗರೇಟುಗಳನ್ನು ಒಂದೊಂದಾಗಿ ಇಟ್ಟು ನೋಡಿದರೆ, ಕೊನೆಯವರೆಗೆ ಸುಡುವಂಥವು ಶೇ. 25 ಮೀರಬಾರದು. ಇಲ್ಲಿ ನೋಡುವುದು ಸಿಗರೇಟು ತಾನಾಗಿ ಆರುತ್ತದೋ ಇಲ್ಲವೋ ಎಂಬುದನ್ನು ಮಾತ್ರ. ಆದ್ದರಿಂದ ಇದರಲ್ಲಿ ಪಾಸಾದವಕ್ಕೆ 'ಅಗ್ನಿಸುರಕ್ಷಿತ ಸಿಗರೇಟು' ಎಂಬ ಪದವನ್ನು ನಾನು ಬಳಸಲಾರೆ. ಅದು ಓದುಗರಿಗೆ ಇಲ್ಲದ ಧೈರ್ಯ ಕೊಡುತ್ತದೆ.

ಬಟ್ಟೆಯಿಂದ ಬಟ್ಟೆಗೆ ಗುಣ ಬದಲಾಗುವುದಕ್ಕೆ 'ಏರುಪೇರು' ಸಾಕು ಅನಿಸಿದೆ. 'ವೈವಿಧ್ಯ' ಎಂದರೆ ಅದೇನೋ ಒಳ್ಳೆಯದು ಎಂಬಂತೆ ಕೇಳಿಸುತ್ತದೆ.

ಉಳಿದದ್ದು ಆ ಮೊದಲ ಪದ, 'ಇಗ್ನಿಷನ್'. 'ಹೊಗೆಯಾಡು' ಹೊಗೆಯನ್ನು ಹೇಳುತ್ತದೆ, ಹರಡುವುದನ್ನು ಹೇಳುವುದಿಲ್ಲ. 'ಕನಲು' ಹತ್ತಿರದ್ದೇ, ಆದರೆ ಈಗ ಅದು ಸಿಟ್ಟಿಗೆ ಮೀಸಲಾದ ಹಾಗಿದೆ. 'ಕೆಂಡ ಹಿಡಿ' ನನಗೆ ಇಷ್ಟ. 'ಬಟ್ಟೆ ಕೆಂಡ ಹಿಡಿಯಿತು' ಎಂದರೆ ಉರಿ ಇಲ್ಲ, ಕಾವು ಇದೆ, ಮುಂದಕ್ಕೆ ಹೋಗುತ್ತಿದೆ, ಮೂರೂ ಬರುತ್ತವೆ. ಬಟ್ಟೆಗೆ ಕೆಂಡ ಒಪ್ಪುತ್ತದೆಯೇ?

ಬೀಡಿ ಅಂಗಡಿಗಳಲ್ಲಿ ತುದಿ ಸುಡುತ್ತಾ ನೇತಾಡುತ್ತಿದ್ದ ನಾರಿನ ಹಗ್ಗ ನೋಡಿದವರು ಇಲ್ಲಿ ಇರಬೇಕು. ಅದು 'ಏನು ಮಾಡುತ್ತಿದೆ' ಎಂದು ನಿಮ್ಮ ಊರಿನಲ್ಲಿ ಹೇಳುತ್ತಿದ್ದರು? ಕರಾವಳಿ, ಉತ್ತರ ಕರ್ನಾಟಕದವರು ದಯವಿಟ್ಟು ಬರೆಯಿರಿ.